ದೀಪಕ್ಕೆ ಟೇಪ್ ಅಂಟಿಸಿದವರು

ಪಿಕಪ್ ಗಾಡಿಯ ಮೀಟರಿನಲ್ಲಿ ಹಳದಿ ಇಂಜಿನ್ ದೀಪ ಹೊತ್ತಿತು ಅಂದರೆ ನಮ್ಮ ಹಾಸನ, ಸಕಲೇಶಪುರದ ಕಡೆ ಮೊದಲು ಸಿಗುವ ಸಲಹೆ ಒಂದೇ: ‘ಇಜಿಆರ್‌ಗೆ ಪ್ಲೇಟ್ ಹೊಡೆಸಿಬಿಡಿ.’ ಟೀ ಅಂಗಡಿಯವನೂ ಹೇಳುತ್ತಾನೆ, ಟೈರಿಗೆ ಗಾಳಿ ಹಿಡಿಯುವವನೂ ಹೇಳುತ್ತಾನೆ. ನಾನು ಬೇಡ ಅಂದವನು. ಆದರೂ ನನ್ನ ಗಾಡಿಗೆ ಪ್ಲೇಟ್ ಬಿತ್ತು. ಹೊಡೆಸಿದ್ದು ನನ್ನ ಹೆಂಡತಿಯ ತಮ್ಮ.

ಗಾಡಿ 2017ರದ್ದು, ಬಿಎಸ್4. ಮಂಗಳೂರಿನ ಧಕ್ಕೆಯಿಂದ ಹಾಸನಕ್ಕೆ ಮೀನು ತರುವುದು ನನ್ನ ಬಾಡಿಗೆ. ದೀಪ ಹೊತ್ತಿದ ವಾರ ಅಪ್ಪ ಆಸ್ಪತ್ರೆಯಲ್ಲಿದ್ದರು. ‘ನೀವು ಅಲ್ಲೇ ಇರಿ ಭಾವ, ಗಾಡಿ ನಾನು ನೋಡ್ಕೋತೀನಿ’ ಅಂದ. ನೋಡಿಕೊಂಡ. ಯಾರದೋ ಶೆಡ್ಡಿಗೆ ಒಯ್ದು ಸ್ಕ್ಯಾನರ್ ಹಾಕಿಸಿ, ಇಜಿಆರ್ ಪೈಪಿಗೆ ಅಡ್ಡ ತಗಡು ಕೂರಿಸಿ, ಕೋಡ್ ಅಳಿಸಿ ತಂದು ನಿಲ್ಲಿಸಿದ. ದೀಪ ಮತ್ತೆ ಹೊತ್ತೀತೆಂದು ಮೀಟರ್ ಬಿಚ್ಚಿ ಅದರ ಮೇಲೆ ಕಪ್ಪು ಟೇಪ್ ಅಂಟಿಸಿದ್ದನ್ನು ಮಾತ್ರ ನನಗೆ ಹೇಳಲಿಲ್ಲ.

ಇಜಿಆರ್ ವಾಲ್ವ್ ಮಾಡುವ ಕೆಲಸ ಇಷ್ಟೇ: ಹೊರಹೋಗುವ ಹೊಗೆಯಲ್ಲಿ ಒಂದು ಪಾಲನ್ನು ವಾಪಸ್ ಇಂಜಿನ್ನಿಗೆ ಕಳಿಸುತ್ತದೆ. ಆಮ್ಲಜನಕ ತಗ್ಗಿ ಉರಿಯ ಶಾಖ ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡ್ ಕಡಿಮೆ ಹುಟ್ಟುತ್ತದೆ. ಆ ಅನಿಲ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಎಮಿಷನ್ ಟೆಸ್ಟಿಗೂ ಕಾಣುವುದಿಲ್ಲ. ಡೀಸೆಲ್ ಗಾಡಿಗೆ ಅವರು ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ. ಬಿಎಸ್4 ಗಾಡಿಯಾದರೆ ಆ ಕಪ್ಪಿನ ಅಳತೆ, ಕೆ ಮೌಲ್ಯ, 1.62 ದಾಟಬಾರದು, ಅದಕ್ಕೂ ಹಳೆಯದಾದರೆ 2.45. ಅದೂ ಗಾಡಿ ನಿಂತಲ್ಲೇ, ಲೋಡಿಲ್ಲದೆ, ಆಕ್ಸಿಲರೇಟರ್ ಒತ್ತಿ ಒತ್ತಿ ಬಿಟ್ಟು. ಹಾಗಾಗಿ ತಗಡು ಹೊಡೆದ ಗಾಡಿ ಆರಾಮಾಗಿ ಪಾಸಾಗುತ್ತದೆ. ನನ್ನದೂ ಆಯಿತು.

ಅದಾದ ಮೇಲೆ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ. ಎಂಟು ವರ್ಷ ದಾಟಿದ ಸರಕಿನ ಗಾಡಿಗೆ ವರ್ಷವರ್ಷವೂ ಎಫ್‌ಸಿ ಆಗಬೇಕು. ಇನ್‌ಸ್ಪೆಕ್ಟರ್ ಸಾಹೇಬರು ಹಿಂದಿನ ರಿಫ್ಲೆಕ್ಟರ್ ಟೇಪ್ ಒಂದು ಕಡೆ ಕಿತ್ತಿದೆ ಅಂತ ನನ್ನನ್ನು ವಾಪಸ್ ಕಳಿಸಿದರು. ಹೊಸದು ಅಂಟಿಸಿಕೊಂಡು ಬಂದೆ, ಸಹಿ ಬಿತ್ತು. ಕೀ ತಿರುಗಿಸಿದಾಗ ಇಂಜಿನ್ ದೀಪ ಒಮ್ಮೆ ಹೊತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತದೇ ಇದ್ದರೆ ದೀಪ ಕೆಟ್ಟಿರಬೇಕು, ಇಲ್ಲವೇ ಯಾರೋ ಕೈಯಾಡಿಸಿರಬೇಕು. ಅದನ್ನು ನೋಡಲು ಅರ್ಧ ನಿಮಿಷ ಬೇಡ. ಆ ದಿನ ಅವರು ನೋಡಿದ್ದರೆ ಶಿರಾಡಿ ಘಾಟಿಯ ಆ ರಾತ್ರಿ ನನಗೆ ಬರುತ್ತಿರಲಿಲ್ಲ.

ಮಳೆಗಾಲ. ಬಂಗುಡೆ, ಬೂತಾಯಿ ಕ್ರೇಟುಗಳು, ಮೇಲೆ ಐಸ್. ಉಪ್ಪಿನಂಗಡಿ, ನೆಲ್ಯಾಡಿವರೆಗೆ ತಕರಾರಿಲ್ಲ. ಗುಂಡ್ಯ ದಾಟಿ ಏರು ಶುರುವಾದದ್ದೇ ಎಳೆತ ಬಿದ್ದುಹೋಯಿತು. ಮೂರನೇ ಗೇರಿನಲ್ಲಿ ಹೋಗುವ ಏರಿಗೆ ಎರಡನೆಯದೂ ಸಾಲದು. ಕನ್ನಡಿಯಲ್ಲಿ ಹಿಂದಿನವನ ಹೆಡ್‌ಲೈಟೇ ಕಾಣದಷ್ಟು ಕಪ್ಪು ಹೊಗೆ. ಮೀಟರಿನಲ್ಲಿ ಮಾತ್ರ ಒಂದು ದೀಪವೂ ಇಲ್ಲ, ಎಲ್ಲ ಸರಿಯಾಗಿದೆ ಅನ್ನುವ ಹಾಗೆ. ಡೀಸೆಲ್ ಫಿಲ್ಟರ್ ಕಟ್ಟಿದೆ ಅಂದುಕೊಂಡೆ.

ಕೆಂಪುಹೊಳೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಮುಂದಿನ ಟ್ಯಾಂಕರ್ ನಿಂತಿತು. ನಾನೂ ನಿಂತೆ. ಟ್ಯಾಂಕರ್ ಹೊರಟಿತು. ಒಂದನೇ ಗೇರ್ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ಗೊರಗುಟ್ಟಿತೇ ಹೊರತು ಗಾಡಿ ಏಳಲಿಲ್ಲ, ಹಿಂದಕ್ಕೆ ಜಾರಿತು. ಬ್ರೇಕ್ ಒತ್ತಿದೆ. ಪೆಡಲ್ ಕಲ್ಲಾಗಿತ್ತು. ಎರಡೂ ಕಾಲು ಕೊಟ್ಟು ಒತ್ತಿದರೂ ಗಾಡಿ ಇಂಚಿಂಚು ಹಿಂದೆ ಹೋಗುತ್ತಲೇ ಇತ್ತು. ಹಿಂದೆ ಕೆಎಸ್‌ಆರ್‌ಟಿಸಿ ಬಸ್ಸು, ಅದರ ಹಾರ್ನು ನಿಲ್ಲುತ್ತಿಲ್ಲ. ಎಡಕ್ಕೆ ಚರಂಡಿ, ಬಲಕ್ಕೆ ಇಳಿದು ಬರುವ ಲಾರಿ. ಹ್ಯಾಂಡ್ ಬ್ರೇಕ್ ಎಳೆದು ಹಿಡಿದು, ‘ಕಲ್ಲು ಕೊಡೋ, ಕಲ್ಲು ಕೊಡೋ’ ಅಂತ ಕಿರುಚಿದೆ. ಕ್ಲೀನರ್ ಹುಡುಗ ಬಾಗಿಲು ತೆಗೆದವನೇ ಹಾರಿದ. ಕತ್ತಲಲ್ಲಿ, ಆ ಮಳೆಯಲ್ಲಿ ಅವನಿಗೆ ಕಲ್ಲು ಸಿಕ್ಕಿದ್ದು ಹೇಗೋ. ಹಿಂದಿನ ಚಕ್ರ ಅದರ ಮೇಲೆ ಕೂತಾಗ ಬಂಪರಿಗೂ ಬಸ್ಸಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಿಲ್ಲುವಷ್ಟು ಜಾಗ. ಆ ಜಾಗದಲ್ಲೇ ಹುಡುಗ ನಿಂತಿದ್ದ. ಅವನಿಗೆ ಹತ್ತೊಂಬತ್ತು ವರ್ಷ, ಒಬ್ಬನೇ ಮಗ. ಬಸ್ಸಿನ ಕಂಡಕ್ಟರ್ ಇಳಿದು ಬಂದು ನನಗೆ ಬೈದದ್ದನ್ನೆಲ್ಲ ಬರೆಯಲಾಗದು. ನಾನು ಮಾತಾಡುವ ಸ್ಥಿತಿಯಲ್ಲೂ ಇರಲಿಲ್ಲ.

ಟ್ಯಾಂಕರಿನವನೇ ಮುಂದೆ ನಿಲ್ಲಿಸಿ ನಡೆದು ಬಂದ. ‘ಕೀ ಆಫ್ ಮಾಡಿ ಒಂದೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಣ್ಣ’ ಅಂದ. ಮಾಡಿದೆ, ಸ್ವಲ್ಪ ಎಳೆತ ಬಂತು. ಕೆಲವು ದೋಷಗಳು ಕಂಡರೆ ಕಂಪ್ಯೂಟರ್ ತಾನೇ ಇಂಜಿನ್ನಿನ ಶಕ್ತಿ ತಗ್ಗಿಸುತ್ತದೆ. ಆಫ್ ಮಾಡಿ ಹಾಕಿದರೆ ಎಷ್ಟೋ ಸಲ ಸ್ವಲ್ಪ ಹೊತ್ತು ಬಿಡುತ್ತದೆ. ಹಾಗೆ ನಿಲ್ಲಿಸಿ, ಹತ್ತಿಸಿ, ಮತ್ತೆ ನಿಲ್ಲಿಸಿ ಮಾರನಹಳ್ಳಿ ಮುಟ್ಟುವಾಗ ಬೆಳಕು ಹರಿದಿತ್ತು. ಕಾಡಿನಲ್ಲಿ ನೆಟ್‌ವರ್ಕ್ ಇಲ್ಲ. ಬಂದ ಕೂಡಲೇ ಹಾಸನದ ವ್ಯಾಪಾರಿಗಳ ಮಿಸ್ಡ್ ಕಾಲ್‌ಗಳು ಒಂದರ ಮೇಲೊಂದು. ಅಷ್ಟರಲ್ಲಿ ಐಸೆಲ್ಲ ಕರಗಿ ರಸ್ತೆಗೆ ಹರಿದಾಗಿತ್ತು.

ಹಾಸನದಲ್ಲಿ ಒಬ್ಬ ಡೀಸೆಲ್ ಮೇಸ್ತ್ರಿ ಸಿಕ್ಕಿದರು. ಕಥೆ ಕೇಳಲಿಲ್ಲ. ‘ಬ್ರೇಕ್ ಗಟ್ಟಿಯಾಯ್ತಾ?’ ಅಂತ ಮಾತ್ರ ಕೇಳಿದರು. ಹೌದು ಅಂದದ್ದಕ್ಕೆ ಬಾನೆಟ್ ಎತ್ತಿ ಸಣ್ಣ ವ್ಯಾಕ್ಯೂಮ್ ಪೈಪುಗಳನ್ನು ಬೆರಳಿನಲ್ಲಿ ಬಗ್ಗಿಸುತ್ತಾ ಹೋದರು. ಇಂಜಿನ್ ಬಿಸಿಗೆ ಬೆಂದು ಒಣಗಿದ ಒಂದು ಪೈಪು ಉದ್ದಕ್ಕೂ ಸೀಳಿತ್ತು. ನನ್ನ ಗಾಡಿಯಲ್ಲಿ ಇಜಿಆರ್ ವಾಲ್ವ್ ತೆರೆಯುವುದು, ಟರ್ಬೊದ ರೆಕ್ಕೆ ತಿರುಗಿಸುವುದು, ಬ್ರೇಕ್ ಬೂಸ್ಟರ್ ಎಳೆಯುವುದು, ಮೂರಕ್ಕೂ ಅದೇ ವ್ಯಾಕ್ಯೂಮ್ ಪಂಪು. ಅಲ್ಲಿ ಸೋರಿದರೆ ಇಜಿಆರ್ ತೆರೆಯುವುದಿಲ್ಲ, ಟರ್ಬೊ ಗಾಳಿ ತುಂಬುವುದಿಲ್ಲ, ಗಾಳಿ ಸಾಲದೆ ಡೀಸೆಲ್ ಅರೆಬೆಂದು ಕಪ್ಪು ಹೊಗೆ, ಪೆಡಲ್ ಗಟ್ಟಿ. ದೀಪ ಹೊತ್ತಿದ್ದು ಇದನ್ನು ಹೇಳುವುದಕ್ಕೆ. ಸ್ಕ್ಯಾನರ್ ಹಾಕಿದರೆ ಎರಡು ಕೋಡ್ ಬಂತು: ಪಿ0401, ಅಂದರೆ ಇಜಿಆರ್‌ನಲ್ಲಿ ಹರಿವು ಸಾಲದು, ಪಿ0299, ಟರ್ಬೊ ಒತ್ತಡ ಸಾಲದು. ಭಾವಮೈದನ ಫೋನಿನಲ್ಲಿ ಮೊದಲ ದಿನದ ಸ್ಕ್ಯಾನರ್ ಫೋಟೊ ಆಮೇಲೆ ನೋಡಿದೆ. ಅದರಲ್ಲೂ ಇವೇ ಎರಡು. ಶೆಡ್ಡಿನವರು ಒಂದನ್ನು ಓದಿ ತಗಡು ಕತ್ತರಿಸಲು ಹೋಗಿದ್ದರು.

ಪೈಪುಗಳನ್ನೆಲ್ಲ ಬದಲಿಸಿ, ತಗಡು ತೆಗೆಸಿ, ವಾಲ್ವ್ ಬಿಚ್ಚಿಸಿದೆ. ಒಳಗೆ ಮಸಿಯೂ ಇಂಜಿನ್ ಆಯಿಲ್ ಹಬೆಯೂ ಸೇರಿ ಜೋನಿ ಬೆಲ್ಲದಂತೆ ಕೂತಿತ್ತು. ನೀವು ಬಿಚ್ಚಿಸಿದರೂ ವಾಲ್ವಿನ ಜೊತೆ ಇನ್‌ಟೇಕ್ ಮ್ಯಾನಿಫೋಲ್ಡನ್ನೂ ತೊಳೆಸಿ, ಗ್ಯಾಸ್ಕೆಟ್ ಹೊಸದು ಹಾಕಿಸಿ. ನಾನೂ ಹಾಗೇ ಮಾಡಿಸಿದೆ. ದೀಪ ಹೊತ್ತಿದರೆ ಮೊದಲು ಏರ್ ಫಿಲ್ಟರ್, ಪೈಪು, ಕ್ಲಿಪ್ಪು, ಆಮೇಲೆ ವಾಲ್ವು. ಅಳಿಸುವ ಮುಂಚೆ ಎಲ್ಲ ಕೋಡುಗಳ ಫೋಟೊ ನಿಮ್ಮ ಫೋನಿಗೇ ಬರಲಿ. ಎಮಿಷನ್ನಿಗೆ ತಣ್ಣಗಿರುವ ಗಾಡಿ ಒಯ್ಯಬೇಡಿ, ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಹೋಗಿ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಹೊಗೆಗೆ 10,000 ರೂಪಾಯಿವರೆಗೆ ದಂಡವಿದೆ.

ಹಳೇ ಗಾಡಿಗೆ ಇಷ್ಟು ದುಡ್ಡು ಸುರಿಯಬೇಕಿತ್ತಾ ಅಂತ ಮನೆಯಲ್ಲಿ ಈಗಲೂ ಮಾತು ಬರುತ್ತದೆ. ಪೈಪಿನ ಬೆಲೆ ಹೇಳಿದರೆ ಯಾರೂ ನಂಬುವುದಿಲ್ಲ. ಸುರಿದದ್ದೆಲ್ಲ ತಗಡು ಬಿಚ್ಚಿಸುವುದಕ್ಕೆ, ಮೀಟರ್ ಸರಿ ಮಾಡಿಸುವುದಕ್ಕೆ, ಕೆಟ್ಟ ಮೀನಿಗೆ ವ್ಯಾಪಾರಿಗಳು ಹಿಡಿದುಕೊಂಡದ್ದಕ್ಕೆ. ಪೈಪು ಸೀಳಿದ್ದಕ್ಕೂ ತಗಡಿಗೂ ಸಂಬಂಧವಿಲ್ಲ ಅನ್ನುತ್ತಾನೆ ಭಾವಮೈದ. ಸರಿಯೇ, ಇಲ್ಲ. ಟೇಪಿಗೆ ಇದೆ. ಅವನ ಎರಡು ಗಾಡಿಗಳಿಗೂ ತಗಡು ಹಾಗೇ ಇದೆ. ಮೊನ್ನೆ ಫೋನ್ ಮಾಡಿ ಹಾಸನದ ಮೇಸ್ತ್ರಿಯ ನಂಬರ್ ಕೇಳಿದ. ಮೀನಿನ ಬಾಬ್ತು ಮೊದಲು ಕೊಡು, ಆಮೇಲೆ ನಂಬರ್ ಅಂದಿದ್ದೇನೆ.