ಸೈನ್ಯ ಸೇರುವುದಾದರೆ ಯಾವ ದಳ?



ಪ್ರತಿವರ್ಷ ಹತ್ತನೆಯ ತರಗತಿಯ ಬೀಳ್ಕೊಡುಗೆ ಸಮಾರಂಭ ಮುಗಿಯುತ್ತಲೇ ಒಬ್ಬಿಬ್ಬರಾದರೂ ನನ್ನ ಬಳಿ ಬಂದು, “ಸರ್, ಮಿಲಿಟ್ರಿಗಿ ಹೋಗಬೇಕಂತ ಮಾಡೀನ್ರಿ. ಆರ್ಮಿ ಚಲೋನೋ, ನೇವಿ ಚಲೋನೋ?” ಎಂದು ಕೇಳುವುದುಂಟು. ಸಮವಸ್ತ್ರದ ಬಣ್ಣ ನೋಡಿ ಕೇಳುವವರೇ ಹೆಚ್ಚು. ಆದರೆ ನಮ್ಮ ಜತ್ತ ತಾಲೂಕಿನಂಥ ಗಡಿಭಾಗದ ಕನ್ನಡ ಶಾಲೆಯ ಮಕ್ಕಳಿಗೆ ಇದರ ಉತ್ತರ ಬಹುಮಟ್ಟಿಗೆ ಹನ್ನೊಂದನೆಯ ತರಗತಿಯ ಪ್ರವೇಶ ಅರ್ಜಿಯಲ್ಲಿಯೇ ಅಡಗಿದೆ.

ಭೂಸೇನೆಯ ಸಾಮಾನ್ಯ ಸೈನಿಕ ಹುದ್ದೆಗೆ ಹತ್ತನೆಯ ತರಗತಿ ಸಾಕು. ಒಟ್ಟು ಶೇಕಡಾ 45, ಪ್ರತಿ ವಿಷಯದಲ್ಲಿ 33 ಅಂಕಗಳಿರಬೇಕು. ವಯಸ್ಸು ಹದಿನೇಳೂವರೆ ತುಂಬಿರಬೇಕು. ಮೊದಲು ಗಣಕಯಂತ್ರದ ಮೇಲೆ ಲಿಖಿತ ಪರೀಕ್ಷೆ, ಅದರಲ್ಲಿ ತೇರ್ಗಡೆಯಾದವರಿಗೆ ಮಾತ್ರ 1.6 ಕಿಲೋಮೀಟರ್ ಓಟ. ನಮಗೆ ಸಂತೋಷದ ಸಂಗತಿಯೆಂದರೆ, 2025ರಲ್ಲಿ ಈ ಪರೀಕ್ಷೆಯನ್ನು 13 ಭಾಷೆಗಳಲ್ಲಿ ಬರೆಯಲು ಅವಕಾಶವಾಯಿತು. ಅವುಗಳಲ್ಲಿ ಕನ್ನಡವೂ ಒಂದು. ಆದರೆ ವಿಜಾಪುರದಲ್ಲಿ ಸೋದರಮಾವನ ಮನೆಯಿದೆಯೆಂದು ಅಲ್ಲಿಯ ಭರತಿಗೆ ಹೋಗುವಂತಿಲ್ಲ. ವಾಸ್ತವ್ಯ ಸಾಂಗಲಿ ಜಿಲ್ಲೆಯದಾದ್ದರಿಂದ ನಮಗೆ ಕೊಲ್ಹಾಪುರದ ಭರತಿ ಕಚೇರಿಯೇ ಗತಿ.

ನೌಕಾಪಡೆಯ ಮಾತು ಬೇರೆ. ಹತ್ತನೆಯದರ ಮೇಲೆ ತೆಗೆದುಕೊಳ್ಳುವ ಎಂ.ಆರ್. ಹುದ್ದೆಗಳನ್ನು ಬಿಟ್ಟರೆ, ಎಸ್.ಎಸ್.ಆರ್. ವಿಭಾಗಕ್ಕೆ ಹನ್ನೆರಡನೆಯದರಲ್ಲಿ ಗಣಿತ ಮತ್ತು ಭೌತಶಾಸ್ತ್ರ ಇರಲೇಬೇಕು. ಓಟದಲ್ಲಿ ತಾಲೂಕಿಗೇ ಮೊದಲಿಗನಾಗಿದ್ದ ನಮ್ಮ ಹುಡುಗನೊಬ್ಬ, ಕೆರೆಯ ನೀರನ್ನೇ ಸರಿಯಾಗಿ ಕಾಣದ ಊರಿನವನು, ಸಮುದ್ರದ ಮೇಲೆ ಹೋಗುವ ಆಸೆ ಕಟ್ಟಿಕೊಂಡಿದ್ದ. ವಿಜ್ಞಾನ ಕಾಲೇಜು ದೂರವೆಂದು ಕಲಾ ವಿಭಾಗಕ್ಕೆ ಸೇರಿದ್ದರಿಂದ ಎಸ್.ಎಸ್.ಆರ್. ಅರ್ಜಿಯ ಮೊದಲ ಪುಟದಲ್ಲಿಯೇ ನಿಂತುಬಿಟ್ಟ. ಅವನಿಗೆ ಹತ್ತನೆಯದರಲ್ಲಿಯೇ ಈ ಮಾತು ಹೇಳದಿದ್ದ ತಪ್ಪು ನನ್ನದು.

ವಾಯುಪಡೆಗೆ ಕಲೆ, ವಾಣಿಜ್ಯದವರೂ ಹೋಗಬಹುದು. ಆದರೆ ಇಂಗ್ಲಿಷಿನಲ್ಲಿಯೇ ಪ್ರತ್ಯೇಕವಾಗಿ ಶೇಕಡಾ 50 ಬೇಕು. ಈ ಎರಡೂ ದಳಗಳ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಓದಿ, ಮುಂದೆ ಮರಾಠಿಯಲ್ಲಿ ಕಲಿತ ನನಗೆ ಮೂರನೆಯ ಭಾಷೆಯ ಕಷ್ಟ ಗೊತ್ತು. ಎರಡು ವರ್ಷ ದಿನಕ್ಕೊಂದು ಪುಟ ಓದಿದರೆ ಅದು ಸಾಧ್ಯವಾಗುವುದೂ ಗೊತ್ತು.

ಇನ್ನೊಂದು ವಿಷಯವನ್ನು ಮನೆಯ ಹಿರಿಯರೊಡನೆ ಕುಳಿತು ಆಲೋಚಿಸಬೇಕು. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಸೇವೆ ನಾಲ್ಕು ವರ್ಷ. ಅನಂತರ ನೂರಕ್ಕೆ ಹೆಚ್ಚೆಂದರೆ 25 ಜನರನ್ನು ಕಾಯಂ ಮಾಡಿಕೊಳ್ಳುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯೊಡನೆ ಮರಳುತ್ತಾರೆ, ಪಿಂಚಣಿ ಇಲ್ಲ. “ಅಜ್ಜ ಪೆನ್ಶನ್ ತಿಂದಾನ, ಮೊಮ್ಮಗನೂ ತಿಂತಾನ” ಎನ್ನುವ ಲೆಕ್ಕ ಈಗ ಎಲ್ಲರಿಗೂ ಕೂಡುವುದಿಲ್ಲ. ಆದ್ದರಿಂದ ಇಪ್ಪತ್ತೆರಡನೆಯ ವಯಸ್ಸಿಗೆ ಊರಿಗೆ ಬಂದಾಗ ಕೈಯಲ್ಲಿ ಯಾವ ಕೆಲಸ ಇರುತ್ತದೆಂಬುದನ್ನೂ ನೋಡಿ ದಳವನ್ನು ಆರಿಸಿರಿ. ತಾಂತ್ರಿಕ ವಿಭಾಗಗಳ ಬೆಲೆ ಇಲ್ಲಿಯೇ ತಿಳಿಯುವುದು.

ಅಧಿಕಾರಿಯಾಗುವ ಛಲವಿದ್ದವರಿಗೆ ಖಡಕವಾಸಲಾದ ಎನ್.ಡಿ.ಎ. ಇದೆ. ಭೂಸೇನೆಗಾದರೆ ಹನ್ನೆರಡನೆಯದರಲ್ಲಿ ಯಾವ ವಿಭಾಗವೂ ನಡೆಯುತ್ತದೆ. ಇದಕ್ಕೆ ಸಿದ್ಧಗೊಳಿಸಲೆಂದೇ ಮಹಾರಾಷ್ಟ್ರ ಸರಕಾರ 1977ರಲ್ಲಿ ಔರಂಗಾಬಾದಿನಲ್ಲಿ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಒಂದು ಸಂಸ್ಥೆ ತೆರೆಯಿತು. ಕನ್ನಡದವರಾದರೂ ನಾವು ಈ ರಾಜ್ಯದ ನಿವಾಸಿಗಳು, ಅದರ ಮೇಲೆ ನಮ್ಮ ಹಕ್ಕೂ ಇದೆ. ವಿದ್ಯಾರ್ಥಿನಿಯರೇ, 2022ರಿಂದ ಎನ್.ಡಿ.ಎ.ಯಲ್ಲಿ ನಿಮಗೂ ಪ್ರವೇಶವಿದೆ.

ಕೊನೆಗೊಂದು ಸಣ್ಣ ಕೆಲಸ. ಕನ್ನಡದ ಹೆಸರನ್ನು ಮರಾಠಿಯಲ್ಲಿ ಬರೆಯುವಾಗ ‘ಮಲ್ಲಪ್ಪ’ ‘ಮಲಾಪಾ’ ಆಗುವುದು ನಮ್ಮಲ್ಲಿ ಮಾಮೂಲು. ಆಧಾರ್ ಮತ್ತು ಶಾಲಾ ದಾಖಲೆ ಎರಡರಲ್ಲಿಯೂ ಹೆಸರು, ಜನ್ಮತಾರೀಖು ಒಂದೇ ಇರಬೇಕು. ಶಾಲೆ ಬಿಟ್ಟ ಮೇಲೆ ತಿದ್ದಿಸುವುದು ಬಹಳ ಕಷ್ಟ. ಪರೀಕ್ಷಾ ಅರ್ಜಿ ತುಂಬುವ ಮೊದಲೇ ಎರಡನ್ನೂ ತಂದು ನನಗೆ ತೋರಿಸಿರಿ.