ಹಳೆಯ ಗಾಡಿಗೆ ಹೊಸ ಮಾಪಕ ಫಲಕ

ಓಡಿದಷ್ಟೂ ಡೀಸೆಲ್ ಹೆಚ್ಚುವ ಗಾಡಿಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಮಣಿಪಾಲದ ನನ್ನ ಮಿತ್ರರೊಬ್ಬರಲ್ಲಿ ಹಳೆಯ ಮೆಟಡಾರ್ ವ್ಯಾನ್ ಒಂದುಂಟು. ಹಿಂಬದಿಯ ಆಸನಗಳನ್ನು ತೆಗೆಸಿ, ಮಲಗಲು ಹಲಗೆ, ಅಡುಗೆಗೆ ಒಲೆ, ನೀರಿಗೆ ತೊಟ್ಟಿ ಇವನ್ನೆಲ್ಲ ಕೂಡಿಸಿ ಅವರು ಅದನ್ನೊಂದು ಸಂಚಾರಿ ಮನೆಯನ್ನಾಗಿ ಮಾಡಿಕೊಂಡಿದ್ದಾರೆ. ಚಾಲಕನ ಮುಂದಿದ್ದ ಮಾಪಕಗಳು ಒಂದೊಂದಾಗಿ ಕೆಟ್ಟುಹೋದಾಗ ಹೊಸ ಫಲಕವೊಂದನ್ನು ತರಿಸಿ ನಾವಿಬ್ಬರೂ ಸೇರಿ ಅಳವಡಿಸಿದೆವು. ಮುಳ್ಳುಗಳೆಲ್ಲ ಅಲುಗಿದುವು, ನಮಗೆ ಅಷ್ಟೇ ಸಾಕಾಯಿತು.

ಅಂದು ಡೀಸೆಲಿನ ಮುಳ್ಳು ಮುಕ್ಕಾಲಿನ ಸಮೀಪದಲ್ಲಿ ನಿಂತಿತ್ತು. ಕೆಲವು ದಿನ ಓಡಿಸಿದ ಮೇಲೆ ಅದು ‘ಪೂರ್ಣ’ ಎಂಬ ಗುರುತಿಗೆ ಏರಿತು. ಮಗನು ಡೀಸೆಲ್ ತುಂಬಿಸಿರಬೇಕೆಂದು ಮಿತ್ರರು ಭಾವಿಸಿದರು. ಒಂದು ಸಂಜೆ ಮನೆಮಂದಿಯೊಡನೆ ಕಾರ್ಕಳದಿಂದ ಹಿಂದಿರುಗುತ್ತಿದ್ದಾಗ, ಬೈಲೂರು ದಾಟಿದ ಮೇಲೆ ಗಾಡಿ ನಿಂತುಹೋಯಿತು. ತೊಟ್ಟಿ ಬರಿದಾಗಿತ್ತು, ಮುಳ್ಳು ಮಾತ್ರ ‘ಪೂರ್ಣ’ವನ್ನೂ ಮೀರಿ ನಿಂತಿತ್ತು! ಡೀಸೆಲ್ ಎಂಜಿನಿನ ನಳಿಗೆಗಳಿಗೆ ಒಮ್ಮೆ ಗಾಳಿ ಹೊಕ್ಕರೆ ಇಂಧನ ಸುರಿದ ಮಾತ್ರಕ್ಕೆ ಅದು ಚಾಲನೆಗೊಳ್ಳುವುದಿಲ್ಲ. ಗಾಳಿಯನ್ನು ಹೊರಗೆಡಹಿ ಮನೆ ಸೇರುವಾಗ ರಾತ್ರಿ ಬಹಳವಾಗಿತ್ತು.

ಭೌತವಿಜ್ಞಾನವನ್ನು ಬೋಧಿಸುವ ನನಗೆ ಇದು ನಾಚಿಕೆಯ ಸಂಗತಿಯೇ ಸರಿ. ತಪ್ಪು ಮಾಪಕದ್ದಲ್ಲ, ನಮ್ಮದು. ಅದು ಎಲ್ಲಿತ್ತೆಂಬುದನ್ನು ಈಗ ನೋಡೋಣ.

ಮಾಪಕ ಒಂಟಿಯಲ್ಲ, ಜೋಡಿ

ಇಂಧನಮಾಪಕದಲ್ಲಿ ಎರಡು ಅಂಗಗಳಿವೆ. ತೊಟ್ಟಿಯೊಳಗೆ ತೇಲುವ ಬೆಂಡೊಂದು ಏರಿಳಿಯುತ್ತ, ತನಗೆ ಜೋಡಿಸಿದ ಸನ್ನೆಯಿಂದ ವಿದ್ಯುತ್ ರೋಧವೊಂದನ್ನು ಹೆಚ್ಚುಕಡಿಮೆ ಮಾಡುತ್ತದೆ. ಇದು ಸಂವೇದಕ. ಫಲಕದಲ್ಲಿರುವ ಮಾಪಕವಾದರೋ ತನ್ನ ಮೂಲಕ ಹರಿಯುವ ಪ್ರವಾಹಕ್ಕೆ ತಕ್ಕಂತೆ ಮುಳ್ಳನ್ನು ತಿರುಗಿಸುತ್ತದೆ. ಓಮನ ನಿಯಮದಂತೆ ರೋಧ ಬದಲಾದರೆ ಪ್ರವಾಹವೂ ಬದಲಾಗುವುದಷ್ಟೆ. ಆದುದರಿಂದ ಮುಳ್ಳು ತಿಳಿಸುವುದು ಡೀಸೆಲನ್ನಲ್ಲ, ರೋಧವನ್ನು. ಇಷ್ಟು ರೋಧಕ್ಕೆ ಇಷ್ಟು ಡೀಸೆಲ್ ಎಂಬುದು ತಯಾರಕರು ಮಾಡಿಕೊಂಡ ಒಪ್ಪಂದ ಮಾತ್ರ.

ಈ ಒಪ್ಪಂದ ಎಲ್ಲೆಡೆಯೂ ಒಂದೇ ಅಲ್ಲ. ಯೂರೋಪಿನಲ್ಲಿ ಬಳಕೆಗೆ ಬಂದ ಒಂದು ಪದ್ಧತಿಯಲ್ಲಿ ಬರಿದಾದ ತೊಟ್ಟಿಗೆ ೧೦ ಓಮ್, ತುಂಬಿದುದಕ್ಕೆ ೧೮೦ ಓಮ್. ಅಮೆರಿಕದ ಒಂದು ಪದ್ಧತಿಯಲ್ಲಿ ಬರಿದಾದುದಕ್ಕೆ ೨೪೦ ಓಮ್, ತುಂಬಿದುದಕ್ಕೆ ೩೩ ಓಮ್. ನಮ್ಮ ತೊಟ್ಟಿಯಲ್ಲಿದ್ದುದು ಮೊದಲನೆಯ ಬಗೆಯ ಸಂವೇದಕ. ತರಿಸಿದುದು ಎರಡನೆಯ ಬಗೆಯ ಮಾಪಕ. ತೊಟ್ಟಿ ಅರ್ಧ ತುಂಬಿದ್ದಾಗ ರೋಧ ಸುಮಾರು ೯೫ ಓಮ್. ಹೊಸ ಮಾಪಕದ ಲೆಕ್ಕದಲ್ಲಿ ಇದು ಹತ್ತರಲ್ಲಿ ಏಳು ಪಾಲು. ತೊಟ್ಟಿಯಲ್ಲಿ ಏಳರಲ್ಲೊಂದು ಪಾಲು ಮಾತ್ರ ಉಳಿದಾಗ ರೋಧ ೩೩ ಓಮಿಗೆ ಇಳಿಯಿತು. ಮಾಪಕ ‘ಪೂರ್ಣ’ ಎಂದಿತು. ತಾನು ಕಲಿತ ಪಾಠವನ್ನು ಅದು ತಪ್ಪಿಲ್ಲದೆ ಒಪ್ಪಿಸಿತ್ತು.

ಸಂವೇದಕಕ್ಕೆ ಸರಿಯಾದ ಮಾಪಕವನ್ನು ಆರಿಸುವುದು, ಇಲ್ಲವೇ ಎರಡನ್ನೂ ಒಟ್ಟಿಗೆ ಬದಲಿಸುವುದು, ಇದಕ್ಕೆ ಪರಿಹಾರ. ಕೊಳ್ಳುವುದಕ್ಕೆ ಮೊದಲು ಓಮ್‌ಮಾಪಕದಿಂದ ಹಳೆಯ ಸಂವೇದಕದ ಎರಡು ಕೊನೆಯ ಬೆಲೆಗಳನ್ನು ಅಳೆದಿದ್ದರೆ ನಮಗೆ ಆ ರಾತ್ರಿಯ ಪಾಡು ತಪ್ಪುತ್ತಿತ್ತು.

ತುಕ್ಕೂ ಒಂದು ರೋಧವೇ

ಸರಿಯಾದ ಜೋಡಿ ದೊರೆತರೂ ಕೆಲಸ ಮುಗಿಯಲಿಲ್ಲ. ಸಂವೇದಕದಿಂದ ಪ್ರವಾಹವು ಗಾಡಿಯ ಲೋಹದ ಚೌಕಟ್ಟಿನ ಮೂಲಕ ಬ್ಯಾಟರಿಗೆ ಹಿಂದಿರುಗಬೇಕು. ಕಾಪುವಿನಂತಹ ಕಡಲ ತೀರದಲ್ಲಿ ಉಪ್ಪುಗಾಳಿಗೆ ನಿಂತ ಗಾಡಿಯಲ್ಲಿ ಈ ಸಂಧಿಗಳು ಬೇಗ ತುಕ್ಕು ಹಿಡಿಯುತ್ತವೆ. ತುಕ್ಕು ೫೦ ಓಮ್ ರೋಧವನ್ನು ಒಡ್ಡಿತೆಂದುಕೊಳ್ಳಿ. ಬರಿದಾದ ತೊಟ್ಟಿಯ ೧೦ ಓಮ್ ಆಗ ೬೦ ಓಮ್ ಆಗಿ ತೋರುವುದು. ತೊಟ್ಟಿಯಲ್ಲಿ ಇನ್ನೂ ಹತ್ತರಲ್ಲಿ ಮೂರು ಪಾಲು ಉಂಟೆಂದು ಮುಳ್ಳು ಹೇಳುವುದು! ಆದುದರಿಂದ ಸಂಧಿಗಳನ್ನು ಉಜ್ಜಿ ಹೊಳಪಿಸಿ, ಸಂವೇದಕದಿಂದ ಚೌಕಟ್ಟಿಗೆ ಬೇರೆಯೇ ಒಂದು ತಂತಿಯನ್ನು ಬಿಗಿಯುವುದು ಲೇಸು.

ಘಟ್ಟವೇರುವ ಮೊದಲು

ಉಷ್ಣತಾಮಾಪಕದ ಸುಳ್ಳು ಇನ್ನೂ ದುಬಾರಿ. ಕಾರ್ಕಳದಿಂದ ಮಾಳದ ಮೂಲಕ ಕುದುರೆಮುಖದತ್ತ ಘಟ್ಟವೇರುವಾಗ ಎಂಜಿನ್ ಕಾದು ನೀರು ಕುದಿದರೂ ಮುಳ್ಳು ತೆಪ್ಪಗಿದ್ದರೆ ಎಂಜಿನ್ನೇ ಹಾಳಾದೀತು. ಇಲ್ಲಿನ ಸಂವೇದಕವು ಬಿಸಿಯೇರಿದಂತೆ ರೋಧ ಕಡಿಮೆಯಾಗುವ ಅರೆವಾಹಕದ ತುಣುಕು. ಅದನ್ನು ಪರೀಕ್ಷಿಸುವುದು ಸುಲಭ. ಸಂವೇದಕವನ್ನು ಕಳಚಿ, ಅದರ ಮೈಯನ್ನು ತಂತಿಯಿಂದ ಚೌಕಟ್ಟಿಗೆ ಸೇರಿಸಿ, ಪಾತ್ರೆಯ ನೀರಿನಲ್ಲಿ ಉಷ್ಣಮಾಪಕದೊಡನೆ ಇಳಿಬಿಟ್ಟು ಕುದಿಸಿರಿ. ಕಾಪುವಿನ ಕಡಲ ದಡದಲ್ಲಿ ನೀರು ೧೦೦ ಡಿಗ್ರಿಗೆ ಕುದಿಯುತ್ತದೆ. ಸುಮಾರು ೬೪೦ ಮೀಟರ್ ಎತ್ತರದ ಆಗುಂಬೆಯಲ್ಲಾದರೆ ಸುಮಾರು ೯೮ ಡಿಗ್ರಿಗೆ.

ಒಂದು ಎಚ್ಚರಿಕೆ: ನೀರು ಸೋರಿಹೋದರೆ ಸಂವೇದಕವು ಬರಿಯ ಗಾಳಿಯಲ್ಲಿ ನಿಂತು, ಎಂಜಿನ್ ಸುಡುತ್ತಿದ್ದರೂ ಕಡಿಮೆ ಬಿಸಿಯನ್ನೇ ತೋರಿಸಬಹುದು. ಅದು ತಿಳಿಸುವುದು ತನ್ನ ಮೈಯ ಬಿಸಿಯನ್ನು ಮಾತ್ರ.

ತಂತಿ ಜೋಡಿಸುವಾಗ

ಮೊದಲು ಬ್ಯಾಟರಿಯನ್ನು ಕಳಚಬೇಕು. ಗಾಡಿಯ ವಿದ್ಯುತ್ತು ೧೨ ವೋಲ್ಟಿನದೋ ೨೪ ವೋಲ್ಟಿನದೋ, ಚೌಕಟ್ಟಿಗೆ ಸೇರಿದುದು ಋಣಧ್ರುವವೋ ಧನಧ್ರುವವೋ ಎಂಬುದನ್ನು ತಿಳಿಯಬೇಕು. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಧನಧ್ರುವವೇ ಸೇರಿರುವುದುಂಟು. ಬ್ಯಾಟರಿಯ ಆಂತರಿಕ ರೋಧ ಬಹು ಅಲ್ಪ. ತಂತಿಯ ಹೊದಿಕೆ ಸವೆದು ಮಂಡಲದ ಒಟ್ಟು ರೋಧ ಓಮಿನ ಐವತ್ತರಲ್ಲೊಂದು ಪಾಲಿಗೆ ಇಳಿದರೆ, ೧೨ ವೋಲ್ಟಿಗೆ ೬೦೦ ಆಂಪಿಯರ್ ಪ್ರವಾಹ ಹರಿದೀತು! ಹಾಸಿಗೆ, ಒಲೆಗಳಿರುವ ಗಾಡಿಯಲ್ಲಿ ಇದರ ಫಲವೇನೆಂಬುದನ್ನು ಹೇಳಬೇಕಾಗಿಲ್ಲ. ಫಲಕದ ತಂತಿಗೆ ಬ್ಯಾಟರಿಯ ಬಳಿಯಲ್ಲೇ ಸಣ್ಣ ಫ್ಯೂಸೊಂದು ಇರಲೇಬೇಕು.

ವಿದ್ಯಾರ್ಥಿಗಳಿಗೆ ಎರಡು ಅಭ್ಯಾಸ

ಬರಿದಾದ ತೊಟ್ಟಿಗೆ ಐದೈದು ಲೀಟರ್ ಇಂಧನ ಸುರಿಯುತ್ತ ಪ್ರತಿಸಲವೂ ಮುಳ್ಳಿನ ಸ್ಥಾನವನ್ನು ಗುರುತಿಸಿ ನಕ್ಷೆ ಬರೆಯಿರಿ. ಅದು ಸರಳರೇಖೆಯಾಗದಿದ್ದರೆ ತೊಟ್ಟಿಯ ಆಕಾರವನ್ನು ಗಮನಿಸಿ ಕಾರಣ ಹುಡುಕಿರಿ. ವೇಗಮಾಪಕಕ್ಕಾದರೆ, ಕಾಪುವಿನಿಂದ ಉಡುಪಿಗೆ ಬರುವ ಹೆದ್ದಾರಿಯಲ್ಲಿ ಚಾಲಕರು ಒಂದೇ ವೇಗದಲ್ಲಿ ಸಾಗುತ್ತಿರಲು, ಪಕ್ಕದಲ್ಲಿ ಕುಳಿತು ಎರಡು ಕಿಲೋಮೀಟರ್ ಕಲ್ಲುಗಳ ನಡುವಿನ ಕಾಲವನ್ನು ಅಳೆಯಿರಿ. ೩೬೦೦ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ನಿಜವಾದ ವೇಗ ದೊರೆಯುತ್ತದೆ. ೮೦ ಸೆಕೆಂಡಾದರೆ ಗಂಟೆಗೆ ೪೫ ಕಿಲೋಮೀಟರ್. ಮುಳ್ಳು ೫೦ ತೋರಿದ್ದರೆ ಎಷ್ಟು ನಂಬಬೇಕೆಂಬುದು ತಿಳಿಯಿತಷ್ಟೆ.

ನನ್ನ ಮಿತ್ರರ ಗಾಡಿಯಲ್ಲಿ ಈಗ ಡೀಸೆಲ್ ಕಳೆದಂತೆ ಮುಳ್ಳು ಇಳಿಯುತ್ತದೆ. ನಮ್ಮ ನಕ್ಷೆಯ ಪ್ರತಿಯೊಂದನ್ನು ಫಲಕದ ಕೆಳಗೆ ಅಂಟಿಸಿದ್ದೇವೆ. ಪ್ರಯೋಗಶಾಲೆಯಲ್ಲಿ ಯಾವುದೇ ಮಾಪಕವನ್ನು ಕೈಗೆತ್ತಿಕೊಂಡಾಗಲೂ, ಇದು ನಿಜವಾಗಿ ಏನನ್ನು ಅಳೆಯುತ್ತಿದೆ ಎಂದು ಮೊದಲು ಕೇಳಿಕೊಳ್ಳಿರಿ. ಬೈಲೂರಿನ ಆ ರಾತ್ರಿಯಿಂದೀಚೆಗೆ ನಾನಂತೂ ಕೇಳಿಕೊಳ್ಳುತ್ತೇನೆ.