ಜೋಳಿಗೆಯೂ ಔಷಧಿಯೂ

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಹೆಂಡದ ಮಾರಯ್ಯನಿದ್ದನು; ವೈದ್ಯ ಸಂಗಣ್ಣನೂ ಇದ್ದನು. ಒಬ್ಬನು ತನ್ನ ವಚನಗಳಿಗೆ ಹೆಂಡದ ಕಾಯಕದ ಪರಿಭಾಷೆಯನ್ನು ತಂದರೆ ಇನ್ನೊಬ್ಬನು ರೋಗಚಿಕಿತ್ಸೆಯ ಪರಿಭಾಷೆಯನ್ನು ತಂದನು. ಕುಡಿತದ ಮಾತು ಬಂದಾಗ ಮೊದಲನೆಯವನನ್ನು ನೆನೆದು ಎರಡನೆಯವನನ್ನು ಮರೆಯುವುದು ವಾಡಿಕೆ. ಮದ್ಯಪಾನವನ್ನು ಪಾಪವೆಂದು ಖಂಡಿಸುವವರು ಬೇಕಾದಷ್ಟು ಜನರಿದ್ದಾರೆ. ಅದು ವ್ಯಾಧಿಯೂ ಹೌದೆಂದು ಹೇಳುವವರು ವಿರಳ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರು ತಿರುಗಿ, ಜೋಳಿಗೆಯೊಡ್ಡಿ ಬೇಡಿದುದು ಕಾಳನ್ನಲ್ಲ, ಕಾಸನ್ನಲ್ಲ, ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಎಲ್ಲರಿಂದ ಛೀಮಾರಿಗೊಳಗಾದವನ ಮುಂದೆ ಗುರುವೇ ಕೈಯೊಡ್ಡಿ ನಿಂತಾಗ ಅವನು ಕೊಡುವವನಾಗುತ್ತಾನೆ; ಅವನ ಮಾನವು ಉಳಿಯುತ್ತದೆ. ನೂರು ಬೈಗುಳಿಂದಾಗದ ಕೆಲಸ ಇದರಿಂದ ಆಗುತ್ತದೆ. ಆದರೆ ಜೋಳಿಗೆಗೆ ಚಟವನ್ನು ಹಾಕಿ ಮನೆಗೆ ಬಂದವನ ಮರುದಿನದ ಪಾಡೇನು?

ಹಲವು ವರ್ಷ ದಿನವೂ ಮಿತಿಮೀರಿ ಕುಡಿದವನ ಮಿದುಳು, ಮದ್ಯದ ಮಂಪರಿಗೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯವು ಹಠಾತ್ತನೆ ನಿಂತರೆ ಆ ಉದ್ರೇಕಕ್ಕೆ ತಡೆಯೇ ಇಲ್ಲವಾಗುತ್ತದೆ. ಕೆಲವು ಗಂಟೆಗಳಲ್ಲಿಯೇ ಕೈನಡುಕ, ಬೆವರು, ನಿದ್ರಾಭಂಗ ತೋರುತ್ತವೆ. ಕೆಲವರಿಗೆ ಮೊದಲ 48 ಗಂಟೆಗಳೊಳಗೆ ಅಪಸ್ಮಾರದಂತಹ ಸೆಳವು ಬರುತ್ತದೆ. ಇನ್ನು ಕೆಲವರಿಗೆ ಎರಡು ಮೂರು ದಿನಗಳ ತರುವಾಯ ಸನ್ನಿ ಹಿಡಿಯುತ್ತದೆ. ಇಲ್ಲದ ಹುಳುಗಳು ಗೋಡೆಯ ಮೇಲೆ ಹರಿದಾಡುವಂತೆ ಕಾಣುತ್ತದೆ, ಹಗಲಿರುಳಿನ ಅರಿವು ತಪ್ಪುತ್ತದೆ. ಗಾಳಿಯ ಸೋಂಕೆಂದೋ ಸೋಗೆಂದೋ ಬಗೆದು ಮನೆಯವರು ಕೋಣೆಯಲ್ಲಿ ಕೂಡಿಹಾಕುವುದುಂಟು. ಚಿಕಿತ್ಸೆ ದೊರೆಯದಿದ್ದರೆ ಈ ಸನ್ನಿಯಲ್ಲಿ ಪ್ರಾಣವೇ ಹೋಗಬಹುದು. ವೈದ್ಯರು ಡಯಾಜೆಪಾಮ್ ವರ್ಗದ ಔಷಧಿಯನ್ನು ಕೊಟ್ಟು ದಿನದಿನಕ್ಕೆ ಇಳಿಸುತ್ತ ಬರುತ್ತಾರೆ. ಜೊತೆಗೆ ಥಯಮಿನ್ ಎಂಬ ಬಿ-1 ಜೀವಸತ್ವವನ್ನು ಕೊಡುತ್ತಾರೆ. ಅದರ ಅಭಾವದಿಂದ ಶಾಶ್ವತವಾದ ಮರೆವುಂಟಾಗಬಹುದು. ಆದಕಾರಣ ನಿತ್ಯವೂ ಹೆಚ್ಚು ಕುಡಿಯುವವನು ಸಂಕಲ್ಪ ಮಾಡಿದ ದಿನವೇ ವೈದ್ಯನನ್ನೂ ಕಾಣತಕ್ಕದ್ದು.

ಊಟದಲ್ಲಿ ಗುಟ್ಟಾಗಿ ಪುಡಿ ಬೆರೆಸಿ ಕುಡಿತ ಬಿಡಿಸುವೆವೆಂಬ ಜಾಹೀರಾತುಗಳಿಗೆ ನೊಂದ ಗೃಹಿಣಿಯರು ಮಾರುಹೋಗುವುದು ಸಹಜ. ಡೈಸಲ್ಫಿರಾಮ್ ಎಂಬ ಔಷಧಿಯ ಈ ಗುಣವನ್ನು ಡೆನ್ಮಾರ್ಕಿನ ವಿಜ್ಞಾನಿಗಳು 1948ರಲ್ಲಿ ಪ್ರಕಟಿಸಿದರು. ಅದನ್ನು ನುಂಗಿದವನು ಕುಡಿದರೆ ಮದ್ಯವು ಪೂರ್ಣವಾಗಿ ಪಚನವಾಗದೆ ಅಸಿಟಾಲ್ಡಿಹೈಡ್ ಎಂಬ ವಿಷವು ಮೈಯಲ್ಲಿ ಕೂಡಿಕೊಳ್ಳುತ್ತದೆ. ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯಲೂಬಹುದು. ತಿಳಿದು ಒಪ್ಪಿದವನಿಗೆ ವೈದ್ಯನ ಕಣ್ಗಾವಲಿನಲ್ಲಿ ಅದು ರಕ್ಷೆ. ಅರಿಯದವನಿಗೆ ತಿನ್ನಿಸಿದರೆ ವಿಷಪ್ರಯೋಗ. ಕುಡಿಯುವ ತವಕವನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್ ಮೊದಲಾದ ಔಷಧಿಗಳೂ ಈಗ ಉಂಟು.

ಇದಕ್ಕಿಂತ ಸೂಕ್ಷ್ಮವಾದುದು ಖಿನ್ನತೆ. ಕಾಯಕಕ್ಕೆ ಉನ್ನತ ಸ್ಥಾನವನ್ನಿತ್ತ ಸಮಾಜದಲ್ಲಿ ಹಾಸಿಗೆ ಬಿಟ್ಟೇಳಲಾರದವನನ್ನು ಮೈಗಳ್ಳನೆನ್ನುವುದು ಸುಲಭ. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಪ್ರಿಯವಾದುದೂ ರುಚಿಸದಿರುವುದು, ನಿದ್ರೆ ಹಸಿವುಗಳು ಕೆಡುವುದು, ತಾನು ಯಾತಕ್ಕೂ ಬಾರದವನೆಂಬ ಭಾವ ಬೇರೂರುವುದು: ಇವು ಸೋಮಾರಿತನದ ಗುರುತುಗಳಲ್ಲ, ರೋಗಲಕ್ಷಣಗಳು. ಭಕ್ತಿ ಸಾಲದೆಂದು ಅಂಥವನಿಗೆ ಉಪದೇಶಿಸಿದರೆ ಅವನ ಅಪರಾಧಭಾವಕ್ಕೆ ಇನ್ನೊಂದು ಹೊರೆ ಸೇರುತ್ತದೆ, ಅಷ್ಟೆ. ಈ ಬೇಗುದಿಯನ್ನು ಮರೆಯಲು ಕುಡಿಯುವವರುಂಟು. ಕುಡಿತದಿಂದಲೇ ಖಿನ್ನರಾದವರೂ ಉಂಟು. ಎರಡನೆಯ ಬಗೆಯದು ಮದ್ಯ ನಿಂತ ಕೆಲವು ವಾರಗಳಲ್ಲಿ ಅನೇಕರಲ್ಲಿ ತಾನಾಗಿ ತಿಳಿಯಾಗುತ್ತದೆ. ಉಳಿದುಕೊಂಡಲ್ಲಿ ಪ್ರತ್ಯೇಕ ಚಿಕಿತ್ಸೆ ಬೇಕು. ಖಿನ್ನತೆಯ ಗುಳಿಗೆಗಳು ಗುಣ ತೋರಲು ಎರಡರಿಂದ ನಾಲ್ಕು ವಾರ ಹಿಡಿಯುವುದು ಸಾಮಾನ್ಯ. ನಾಲ್ಕು ದಿನ ನುಂಗಿ, ಫಲವಿಲ್ಲವೆಂದು ಬಿಡುವವರೇ ಬಹಳ. ಗುಣ ಕಂಡ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರ ಸಲಹೆಯಂತೆ ಮೆಲ್ಲಗೆ ಇಳಿಸಬೇಕು. ಸಾವಿನ ಮಾತನ್ನಾಡುವವನನ್ನು ಒಂಟಿಯಾಗಿ ಬಿಡಕೂಡದು. ಆ ವಿಚಾರವನ್ನು ಅವನೊಡನೆ ನೇರವಾಗಿ ಕೇಳುವುದರಿಂದ ಕೇಡಿಲ್ಲ.

ವ್ರತ ಹಿಡಿದವನು ಮರಳಿ ಕುಡಿಯುವುದು ಈ ವ್ಯಾಧಿಯಲ್ಲಿ ಅಪರೂಪವಲ್ಲ. ಜೋಳಿಗೆಗೆ ಕೊಟ್ಟುದನ್ನು ಹಿಂದಕ್ಕೆ ತೆಗೆದುಕೊಂಡೆನೆಂಬ ಲಜ್ಜೆಯಿಂದ ಅವನು ಮಠದ ಹಾದಿಯನ್ನೂ ಆಸ್ಪತ್ರೆಯ ಹಾದಿಯನ್ನೂ ಒಟ್ಟಿಗೆ ಬಿಡುತ್ತಾನೆ. ಮಧುಮೇಹಿಯ ಸಕ್ಕರೆ ಏರಿದರೆ ಯಾರೂ ಅವನನ್ನು ವ್ರತಭ್ರಷ್ಟನೆನ್ನುವುದಿಲ್ಲ, ಔಷಧಿಯನ್ನು ಸರಿಪಡಿಸುತ್ತಾರೆ. ಎಡವಿದವನನ್ನು ಅದೇ ವಾರ ಕರೆದೊಯ್ಯುವ ಬಂಧುವೊಬ್ಬನಿದ್ದರೆ ಹಾಳಾಗುವುದು ಕೆಲವು ದಿನ ಮಾತ್ರ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಹತ್ತಿರ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಖರ್ಚಿಲ್ಲದೆ ಕರೆಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿ ಒಪ್ಪದಿದ್ದರೆ ಮನೆಯವರೇ ಕರೆಮಾಡಿ ಸಲಹೆ ಪಡೆಯಬಹುದು.